ಮಳೆ ಲೆಕ್ಕದ ಪುಸ್ತಕವನ್ನು ಮಗಳ ಕೈಗೆ ಕೊಡಿ

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಸೋಮವಾರಪೇಟೆ ಕಡೆಯವರು. ಆರು ಎಕರೆ ಕಾಫಿ, ಸ್ವಲ್ಪ ಮೆಣಸು ಇದೆ. ಮಗಳು ಬಿ.ಎಸ್ಸಿ. ಎರಡನೇ ವರ್ಷ, ಫಿಸಿಕ್ಸ್ ಮತ್ತು ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. ಚಂದ್ರಯಾನ-3 ಇಳಿದ ದಿನದಿಂದ ಅವಳದು ಒಂದೇ ಹಟ. ಬೇರೆ ಗ್ರಹಗಳಿಗೆ ಹೋಗುವ ನೌಕೆಗಳಲ್ಲಿ ಇಡುವ ಉಪಕರಣ ಮಾಡಬೇಕಂತೆ. ಅದೆಲ್ಲ ಇಸ್ರೋದವರ ಕೆಲಸ, ಐಐಟಿಯಲ್ಲಿ ಓದಿದವರಿಗೆ ಮಾತ್ರ ಅಂತ ನೆಂಟರು ಹೇಳುತ್ತಾರೆ. ವಿಶ್ವವಿದ್ಯಾಲಯಗಳಲ್ಲಿ ಇಂಥ ಕೆಲಸ ನಿಜವಾಗಿಯೂ ನಡೆಯುತ್ತದಾ? ಅಲ್ಲಿ ಏನು ಮಾಡುತ್ತಾರೆ? ಕೊಡಗಿನಲ್ಲಿ ಇದ್ದುಕೊಂಡು ಅವಳು ಈಗ ಏನು ಮಾಡಬಹುದು?

ಉತ್ತರ: ನಡೆಯುತ್ತದೆ. ನಾನೇ ಇಪ್ಪತ್ತು ವರ್ಷದಿಂದ ಒಂದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಈ ಕೆಲಸ ಮಾಡುತ್ತಿದ್ದೇನೆ. ನಮ್ಮ ಮನೆ ನಾಪೋಕ್ಲು ಹತ್ತಿರ. ನಿಮ್ಮ ಪತ್ರ ಓದಿ ನನ್ನ ಅಪ್ಪ ನೆನಪಾದರು. ಅವರೂ ಹೀಗೇ ಒಬ್ಬರನ್ನು ಕೇಳಿದ್ದರು, ಸರಿಯಾದ ಉತ್ತರ ಸಿಕ್ಕಿರಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನೆಂಟರು ಹೇಳಿದ್ದರಲ್ಲಿ ಅರ್ಧ ನಿಜ. ರಾಕೆಟ್, ನೌಕೆ, ನೌಕೆಯ ಜೊತೆ ಮಾತಾಡುವ ದೊಡ್ಡ ಆಂಟೆನಾ ಇವೆಲ್ಲ ಇಸ್ರೋ, ನಾಸಾದಂಥ ಸಂಸ್ಥೆಗಳ ಕೈಯಲ್ಲಿರುತ್ತವೆ. ಆದರೆ ನೌಕೆಯ ಮೇಲೆ ಕೂತು ಅಳತೆ ಮಾಡುವ ಪೆಟ್ಟಿಗೆಗಳಿವೆಯಲ್ಲ, ನಾವು ಪೇಲೋಡ್ ಅನ್ನುತ್ತೇವೆ, ಅವು ಎಲ್ಲೆಲ್ಲಿಂದಲೋ ಬರುತ್ತವೆ. 2008ರ ಚಂದ್ರಯಾನ-1ರಲ್ಲಿ 11 ಪೇಲೋಡ್ ಇದ್ದವು. ಅದರಲ್ಲಿ 6 ಹೊರದೇಶದವು. ಚಂದ್ರನ ಮಣ್ಣಿನಲ್ಲಿ ನೀರಿನ ಗುರುತು ಹಿಡಿದ ಎಂ-3 ಉಪಕರಣದ ವಿಜ್ಞಾನ ತಂಡವನ್ನು ನಡೆಸಿದ ಕಾರ್ಲೆ ಪೀಟರ್ಸ್ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ. ಬಲ್ಗೇರಿಯಾದವರು ಕಳಿಸಿದ ರಾಡಾಮ್ ಅನ್ನುವ ವಿಕಿರಣ ಮಾಪಕ ಬರೀ 160 ಗ್ರಾಂ ತೂಗುತ್ತಿತ್ತು. ಕಾಲು ಕಿಲೋ ಕಾಫಿ ಪುಡಿ ಪ್ಯಾಕೆಟ್ಟಿಗಿಂತ ಹಗುರ.

ವಿಶ್ವವಿದ್ಯಾಲಯಗಳಿಗೆ ಇದು ಹೊಸದೂ ಅಲ್ಲ. 1969ರ ಜುಲೈನಲ್ಲಿ ಅಪೋಲೊ 11ರವರು ಚಂದ್ರನ ಮೇಲೆ ಅಮೆರಿಕದ ಧ್ವಜ ನೆಡುವುದಕ್ಕೂ ಮೊದಲು ಒಂದು ಅಲ್ಯೂಮಿನಿಯಂ ಹಾಳೆಯನ್ನು ಬಿಸಿಲಿಗೆ ಬಿಡಿಸಿ ನಿಲ್ಲಿಸಿದರು. ಅದನ್ನು ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಯೋಹಾನೆಸ್ ಗೈಸ್ ತಂಡ. 77 ನಿಮಿಷ ಆ ಹಾಳೆ ಸೂರ್ಯನಿಂದ ಬರುವ ಕಣಗಳನ್ನು ಹಿಡಿಯಿತು. ಆಮೇಲೆ ಸುತ್ತಿ ಭೂಮಿಗೆ ತಂದು, ಅದರೊಳಗೆ ಸಿಕ್ಕಿಕೊಂಡಿದ್ದ ಹೀಲಿಯಂ, ನಿಯಾನ್, ಆರ್ಗಾನ್ ಅಳೆದರು. ಒಂದು ಹಾಳೆ, ಒಂದು ಕೋಲು, ಮತ್ತು ಊರಿನಲ್ಲಿ ಕಾಯುತ್ತಿದ್ದ ಒಳ್ಳೆಯ ಲ್ಯಾಬ್.

ಇನ್ನೊಂದು ಕಥೆಯನ್ನು ಮಗಳಿಗೆ ತಪ್ಪದೆ ಓದಿ ಹೇಳಿ. 2006ರ ಜನವರಿಯಲ್ಲಿ ಪ್ಲೂಟೊ ಕಡೆಗೆ ಹೊರಟ ನ್ಯೂ ಹೊರೈಜನ್ಸ್ ನೌಕೆಯಲ್ಲಿ ಧೂಳು ಎಣಿಸುವ ಒಂದು ಉಪಕರಣ ಇದೆ. ಅದನ್ನು ಮಾಡಿದ್ದು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಪಾಠ ಮಾಡುವವರು ಪಕ್ಕದಲ್ಲಿ ನಿಂತಿದ್ದರು, ಆದರೆ ನಕ್ಷೆ, ಜೋಡಣೆ, ಪರೀಕ್ಷೆ ಎಲ್ಲ ಹುಡುಗ ಹುಡುಗಿಯರದೇ. ಒಂದು ತೆಳು ಪ್ಲಾಸ್ಟಿಕ್ ಹಾಳೆ. ಧೂಳಿನ ಕಣ ಬಡಿದರೆ ಅದರಲ್ಲಿ ಸಣ್ಣ ವಿದ್ಯುತ್ ಮಿಡಿತ ಹುಟ್ಟುತ್ತದೆ. ಅಷ್ಟೇ ಅದರ ಒಳಗುಟ್ಟು. ಗ್ರಹಗಳ ಕಡೆ ಹೋಗುವ ನಾಸಾ ನೌಕೆಯಲ್ಲಿ ವಿದ್ಯಾರ್ಥಿಗಳೇ ಮಾಡಿದ ಮೊದಲ ಉಪಕರಣ ಅದು. 1930ರಲ್ಲಿ ಪ್ಲೂಟೊ ಅನ್ನುವ ಹೆಸರು ಸೂಚಿಸಿದ 11 ವರ್ಷದ ಹುಡುಗಿ ವೆನಿಶಿಯಾ ಬರ್ನಿಯ ಹೆಸರನ್ನೇ ಅದಕ್ಕೆ ಇಟ್ಟರು. ನೌಕೆ ಪ್ಲೂಟೊ ಪಕ್ಕದಿಂದ ಹಾದುಹೋಗಿದ್ದು 2015ರ ಜುಲೈ 14ರಂದು. ಅಷ್ಟರಲ್ಲಿ ಅದನ್ನು ಕೈಯಾರೆ ಜೋಡಿಸಿದ್ದವರು ಓದು ಮುಗಿಸಿ ಬೇರೆ ಬೇರೆ ಕಡೆ ಹೋಗಿದ್ದರು. ಅಂಕಿಗಳನ್ನು ಓದಲು ಹೊಸ ವಿದ್ಯಾರ್ಥಿಗಳು ಬಂದಿದ್ದರು. ಈ ಕೆಲಸ ಹೀಗೇ. ನೆಟ್ಟವರೇ ಕೊಯ್ಯುತ್ತಾರೆ ಅಂತ ಇಲ್ಲ.

ನಮ್ಮ ದೇಶದಲ್ಲಿ ಬಹುಪಾಲು ಪೇಲೋಡುಗಳು ಇಸ್ರೋ ಕೇಂದ್ರಗಳಲ್ಲಿ ಮತ್ತು ಅಹಮದಾಬಾದಿನ ಪಿಆರ್‌ಎಲ್‌ನಂಥ ಸಂಶೋಧನಾ ಸಂಸ್ಥೆಗಳಲ್ಲಿ ಆಗುತ್ತವೆ. ಇದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಆದರೆ ಬಾಗಿಲು ದೊಡ್ಡದಾಗುತ್ತಿದೆ. ಸೂರ್ಯನನ್ನು ಅಧ್ಯಯನ ಮಾಡುವ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ ವೆಲ್ಕ್ ತಯಾರಾಗಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ. ಅದೇ ನೌಕೆಯ ಸೂಟ್ ದೂರದರ್ಶಕ ಪುಣೆಯ ಐಯೂಕಾದ್ದು. ಐಯೂಕಾ ಅಂದರೆ ದೇಶದ ವಿಶ್ವವಿದ್ಯಾಲಯಗಳಿಗಾಗಿಯೇ ಕಟ್ಟಿದ ಕೇಂದ್ರ. 2024ರ ಜನವರಿ 1ರಂದು ಹಾರಿದ, ಆಕಾಶಕಾಯಗಳ ಎಕ್ಸ್-ರೇ ನೋಡುವ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ಪೋಲಿಕ್ಸ್ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು.

ವಿದ್ಯಾರ್ಥಿಗಳಿಗೆ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಮಾತ್ರ ಇಸ್ರೋದ ರಾಕೆಟ್ ಪಿಎಸ್‌ಎಲ್‌ವಿಯ ಕೊನೆಯ ಹಂತ. ಉಪಗ್ರಹವನ್ನು ಕಕ್ಷೆಗೆ ಬಿಟ್ಟ ಮೇಲೆ ರಾಕೆಟ್ಟಿನ ನಾಲ್ಕನೇ ಹಂತ ಸುಮ್ನೆ ಸುತ್ತುತ್ತಾ ಇರುತ್ತದೆ. ಇಸ್ರೋ ಅದನ್ನೇ ಒಂದು ಪ್ರಯೋಗದ ಕಟ್ಟೆ ಮಾಡಿತು. 2019ರ ಏಪ್ರಿಲ್‌ನಲ್ಲಿ ತಿರುವನಂತಪುರದ ಬಾಹ್ಯಾಕಾಶ ವಿದ್ಯಾಸಂಸ್ಥೆ ಐಐಎಸ್‌ಟಿಯವರ ಏರಿಸ್ ಅನ್ನುವ ಅಯಾನುಗೋಳ (ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರ) ಅಳೆಯುವ ಉಪಕರಣ ಹೀಗೇ ಹೋಗಿತ್ತು. ಈ ಕಟ್ಟೆಗೆ ಈಗ ಪೋಯೆಮ್ ಅಂತ ಹೆಸರು. 2024ರ ಡಿಸೆಂಬರ್ 30ರ ಪೋಯೆಮ್-4ರಲ್ಲಿ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನದೂ ಚಿಕ್ಕಬಳ್ಳಾಪುರದ ಎಸ್‌ಜೆಸಿ ಕಾಲೇಜಿನದೂ ಪೇಲೋಡ್ ಇದ್ದವು. ಚಿಕ್ಕಬಳ್ಳಾಪುರಕ್ಕೆ ಆಗಿದ್ದು ಕುಶಾಲನಗರಕ್ಕೆ, ಪೊನ್ನಂಪೇಟೆಗೆ ಯಾಕೆ ಆಗಬಾರದು? ಇದನ್ನು ನಾನು ಬಾಯಿಮಾತಿಗೆ ಕೇಳುತ್ತಿಲ್ಲ.

ಈಗ ಲ್ಯಾಬಿನೊಳಗಿನ ಕೆಲಸಕ್ಕೆ ಬರೋಣ.

ನೌಕೆಯವರು ನಮಗೆ ಮೂರು ಲೆಕ್ಕ ಕೊಡುತ್ತಾರೆ. ಇಷ್ಟು ಗ್ರಾಂ, ಇಷ್ಟು ವ್ಯಾಟ್, ದಿನಕ್ಕೆ ಇಷ್ಟು ಡೇಟಾ. ಅದರೊಳಗೇ ನಮ್ಮ ಸಂಸಾರ. ಮೊದಲು ಮೇಜಿನ ಮೇಲೆ ವೈರುಗಳು ಜೋತಾಡುವ ಒಂದು ಮಾದರಿ ಆಗುತ್ತದೆ. ಆಮೇಲೆ ಸರಿಯಾದ ಆಕಾರದ್ದು. ಆಮೇಲೆ ಹಿಂಸೆ ಕೊಟ್ಟು ಪರೀಕ್ಷೆ ಮಾಡಲಿಕ್ಕೇ ಒಂದು. ಕೊನೆಗೆ ನಿಜವಾಗಿ ಹಾರುವುದು. ಎಷ್ಟೋ ಸಲ ಅದರ ಅವಳಿಯೊಂದನ್ನು ಮಾಡಿ ಭೂಮಿಯ ಮೇಲೆ ಇಟ್ಟುಕೊಳ್ಳುತ್ತೇವೆ. ಅಲ್ಲಿ ಏನಾದರೂ ಎಡವಟ್ಟಾದರೆ ಇಲ್ಲಿ ಮಾಡಿ ನೋಡಬೇಕಲ್ಲ.

ಹೊರಗಿನವರಿಗೆ ರಾಕೆಟ್ಟಿನ ಬೆಂಕಿ ಕಾಣುತ್ತದೆ. ನಮ್ಮ ದಿನ ಹೋಗುವುದು ಅಂಟು, ಬೆಸುಗೆ, ಸ್ಕ್ರೂಗಳಲ್ಲಿ. ಬೆಸುಗೆ ಹಾಕಿದ ಪ್ರತಿ ಬಿಂದುವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಫೋಟೋ ತೆಗೆದು ಇಡುತ್ತೇವೆ. ಶುದ್ಧ ತವರದ ಲೇಪ ಇರುವ ಭಾಗ ಬಳಸುವುದಿಲ್ಲ. ಅದರ ಮೈಯಿಂದ ಕೂದಲಿಗಿಂತ ತೆಳುವಾದ ಲೋಹದ ಎಳೆಗಳು ತಾವಾಗಿಯೇ ಬೆಳೆದು ಪಕ್ಕದ ತಂತಿಗೆ ತಾಗಿ ಶಾರ್ಟ್ ಮಾಡುತ್ತವೆ. ಕನೆಕ್ಟರನ್ನು ಒಂದು ಸಲ ಸಿಕ್ಕಿಸಿ ತೆಗೆದರೆ ಪುಸ್ತಕದಲ್ಲಿ ಒಂದು ಗೆರೆ. ಅದನ್ನು ಎಷ್ಟು ಸಲ ಸಿಕ್ಕಿಸಬಹುದು ಅನ್ನುವುದಕ್ಕೂ ಮಿತಿ ಇದೆ. ಸವೆಯಬಾರದು ಅಂತ ನಡುವೆ ಒಂದು ಚಿಕ್ಕ ಕನೆಕ್ಟರ್ ಇಟ್ಟು, ಪರೀಕ್ಷೆಯ ಪೆಟ್ಟೆಲ್ಲ ಅದಕ್ಕೇ ಬೀಳುವಂತೆ ಮಾಡುತ್ತೇವೆ.

ಕೋಣೆಯ ಗಾಳಿಯದೂ ದೊಡ್ಡ ಲೆಕ್ಕ. ತೇವ ಜಾಸ್ತಿಯಾದರೆ ತುಕ್ಕು, ಕಡಿಮೆಯಾದರೆ ಕೈಯಿಂದ ಹಾರುವ ಸ್ಥಿರ ವಿದ್ಯುತ್ತಿಗೆ ಚಿಪ್ ಸತ್ತುಹೋಗುತ್ತದೆ. ಅದಕ್ಕೇ ಸುಮಾರು 50 ಪರ್ಸೆಂಟ್‌ನಲ್ಲಿ ಹಿಡಿದಿಡುತ್ತೇವೆ. ಜುಲೈ ತಿಂಗಳಲ್ಲಿ ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದವರಿಗೆ, ಕ್ಯಾಮೆರಾ ಲೆನ್ಸಿನೊಳಗೆ ಬೂಷ್ಟು ಬಂದಿದ್ದು ನೋಡಿದವರಿಗೆ ತೇವ ಏನು ಮಾಡುತ್ತದೆ ಅಂತ ಯಾರೂ ಪಾಠ ಹೇಳಬೇಕಾಗಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ತಾಪಮಾನದ ಸೆನ್ಸರ್ ಮಾಡಿದ್ದೆವು. ಸಣ್ಣ ಪಿಂಗಾಣಿ ತುಂಡಿನ ಮೇಲೆ ಪ್ಲಾಟಿನಂ ಗೆರೆ. ಅದನ್ನು ಅಲ್ಯೂಮಿನಿಯಂ ತಟ್ಟೆಗೆ ಅಂಟಿಸಿದ್ದೆವು. ನಿರ್ವಾತದ ಪಾತ್ರೆಯೊಳಗೆ ಇಟ್ಟು ಮೈನಸ್ 120 ಡಿಗ್ರಿಯಿಂದ ಪ್ಲಸ್ 80ರವರೆಗೆ ಬಿಸಿ, ತಂಪು, ಮತ್ತೆ ಬಿಸಿ. ಆರು ಸುತ್ತು ಚೆನ್ನಾಗಿ ನಡೆಯಿತು. ಏಳನೇ ಸುತ್ತಿನಲ್ಲಿ ಅಂಕಿಗಳು ಅರ್ಧ ಡಿಗ್ರಿಯಷ್ಟು ಹಿಂದೆ ಉಳಿಯತೊಡಗಿದವು. ಕೆಟ್ಟುಹೋಗಿದ್ದರೆ ಗೊತ್ತಾಗುತ್ತಿತ್ತು. ಕೆಟ್ಟಿರಲಿಲ್ಲ. ನಯವಾಗಿ, ನಂಬುವ ಹಾಗೆ, ತಪ್ಪು ಹೇಳುತ್ತಿತ್ತು. ಪಾತ್ರೆ ತೆಗೆದು ಬೆಳಕು ಓರೆಯಾಗಿ ಬಿಟ್ಟು ನೋಡಿದರೆ ಅಂಟಿನ ಒಂದು ಮೂಲೆ ಎದ್ದಿತ್ತು. ತಂಪಾದಾಗ ಅಲ್ಯೂಮಿನಿಯಂ ಪಿಂಗಾಣಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಕುಗ್ಗುತ್ತದೆ. ಆ ಎಳೆದಾಟಕ್ಕೆ ಅಂಟು ಸೋತಿತ್ತು. ಗಾಳಿ ಇಲ್ಲದ ಕಡೆ ಬಿಸಿ ದಾಟಬೇಕಾದರೆ ಮೈಗೆ ಮೈ ತಾಗಿರಬೇಕು. ತಾಗಿರಲಿಲ್ಲ. ಆ ದಿನ ನಾವು ಐದು ಜನ ಊಟ ಬಿಟ್ಟು ಆ ಮೂಲೆಯನ್ನೇ ನೋಡುತ್ತಾ ಕೂತಿದ್ದೆವು. ಆರನೇ ಸುತ್ತಿಗೆ ಪರೀಕ್ಷೆ ನಿಲ್ಲಿಸಿ ಸರಿ ಇದೆ ಅಂತ ಸಹಿ ಹಾಕಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ಯೋಚನೆ ಬರುತ್ತದೆ.

ಈ ಕೆಲಸದ ತಿರುಳು ಇಲ್ಲೇ ಇದೆ. ಉಪಕರಣ ಮಾಡುವುದು ಕಷ್ಟ, ನಿಜ. ಅದಕ್ಕಿಂತ ಕಷ್ಟ, ಅದು ಯಾವಾಗ ಸುಳ್ಳು ಹೇಳುತ್ತದೆ ಅಂತ ತಿಳಿದಿರುವುದು. ನಿಮಗೆ ಇದು ಚೆನ್ನಾಗಿ ಗೊತ್ತು. ನೀವು ಕಾಫಿ ಒಣಗಿಸಿ ನಿಮ್ಮ ಮಾಯಿಶ್ಚರ್ ಮೀಟರಿನಲ್ಲಿ ನೋಡಿಕೊಂಡು ಹೋಗುತ್ತೀರಿ. ವ್ಯಾಪಾರಿಯ ಮೀಟರ್ ಬೇರೆ ಹೇಳುತ್ತದೆ. ಯಾವುದು ಸರಿ? ಎರಡನ್ನೂ ತೇವ ಗೊತ್ತಿರುವ ಒಂದೇ ಕಾಫಿಗೆ ಹೋಲಿಸಿ ನೋಡಿದವರು ಮಾತ್ರ ಹೇಳಬಲ್ಲರು. ಇದಕ್ಕೆ ಕ್ಯಾಲಿಬ್ರೇಷನ್ ಅನ್ನುತ್ತಾರೆ. ಮಂಗಳದಲ್ಲಿ ಎರಡನೇ ಮೀಟರ್ ಇರುವುದಿಲ್ಲ. ಆದ್ದರಿಂದ ಜಗಳವನ್ನೆಲ್ಲ ಹೊರಡುವ ಮೊದಲೇ ಆಡಿ ಮುಗಿಸಬೇಕು. ವಿಶ್ವವಿದ್ಯಾಲಯಕ್ಕೆ ಇದರಲ್ಲಿ ಒಂದು ಅನುಕೂಲ ಇದೆ. ಒಂದೇ ಸೆನ್ಸರಿನ ಹಿಂದೆ ಮೂರು ವರ್ಷ ಬಿದ್ದು, ಅದರ ಚಾಳಿಯನ್ನೆಲ್ಲ ಕಲಿಯುವ ಪಿಎಚ್‌ಡಿ ವಿದ್ಯಾರ್ಥಿಗಳು ಅಲ್ಲಿರುತ್ತಾರೆ.

1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಜೇಮ್ಸ್ ವ್ಯಾನ್ ಆಲೆನ್ ತಂಡದ ಗೈಗರ್ ಕೌಂಟರ್ ಇತ್ತು. ವಿಕಿರಣದ ಕಣಗಳನ್ನು ಎಣಿಸುವ ನಳಿಗೆ. ಅದನ್ನು ಜೋಡಿಸಿದವರು ಜಾರ್ಜ್ ಲುಡ್ವಿಗ್ ಅನ್ನುವ ವಿದ್ಯಾರ್ಥಿ. ಮೇಲೆ ಹೋದಂತೆ ಕೆಲವು ಕಡೆ ಎಣಿಕೆ ಸೊನ್ನೆಗೆ ಇಳಿಯುತ್ತಿತ್ತು. ಅಲ್ಲಿ ಕಣಗಳೇ ಇಲ್ಲವಾ? ಉಪಕರಣ ಕೆಟ್ಟಿತಾ? ಕಾರ್ಲ್ ಮೆಕಿಲ್ವೈನ್ ಅನ್ನುವ ಇನ್ನೊಬ್ಬ ವಿದ್ಯಾರ್ಥಿ ಅಂಥದೇ ನಳಿಗೆಯನ್ನು ಎಕ್ಸ್-ರೇ ಯಂತ್ರದ ಮುಂದೆ ಇಟ್ಟು ನೋಡಿದರು. ವಿಕಿರಣ ಅತಿಯಾದಾಗ ನಳಿಗೆ ಉಸಿರು ಕಟ್ಟಿದಂತಾಗಿ ಸೊನ್ನೆ ತೋರಿಸುತ್ತಿತ್ತು. ಅಂದರೆ ಆ ಸೊನ್ನೆಯ ಅರ್ಥ ಅಲ್ಲಿ ವಿಕಿರಣ ವಿಪರೀತ ಇದೆ ಅಂತ. ಭೂಮಿಯನ್ನು ಸುತ್ತಿರುವ ವಿಕಿರಣ ಪಟ್ಟಿಗಳು ಸಿಕ್ಕಿದ್ದು ಹೀಗೆ. ಲ್ಯಾಬಿನಲ್ಲಿದ್ದ ಇನ್ನೊಂದು ನಳಿಗೆ, ಅದನ್ನು ಪರೀಕ್ಷಿಸಿ ನೋಡೋಣ ಅಂದ ಒಬ್ಬ ಹುಡುಗ.

ಶನಿಯ ಚಂದ್ರ ಟೈಟನ್ ಮೇಲೆ 2005ರ ಜನವರಿ 14ರಂದು ಇಳಿದ ಹೈಗೆನ್ಸ್‌ನದೂ ಅಂಥದೇ. ಅದರ ಹೊಟ್ಟೆಯ ಕೆಳಗೆ ಬೆರಳು ಗಾತ್ರದ ಒಂದು ಲೋಹದ ಮೊನೆ ಇತ್ತು. ನೆಲಕ್ಕೆ ತಾಗಿದ ಆ ಒಂದು ಕ್ಷಣದ ಪೆಟ್ಟನ್ನು ಅಳೆಯುವುದಷ್ಟೇ ಅದರ ಕೆಲಸ. ಅದರ ಹಿಂದೆ ಬಿದ್ದಿದ್ದು ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ರಾಲ್ಫ್ ಲೊರೆನ್ಜ್. ನೌಕೆ ಹೊರಟಿದ್ದು 1997ರಲ್ಲಿ. ತಲುಪಲು ಏಳು ವರ್ಷಕ್ಕೂ ಜಾಸ್ತಿ ಹಿಡಿಯಿತು. ಮರಳು, ಜಲ್ಲಿ, ಜೇಡಿಮಣ್ಣಿಗೆಲ್ಲ ಇಲ್ಲೇ ಆ ಮೊನೆಯನ್ನು ಚುಚ್ಚಿ ನೋಡಿದ್ದರಿಂದ ಟೈಟನ್ ಮೇಲಿಂದ ಬಂದ ಅಳತೆಯ ಗೆರೆಯನ್ನು ಓದಲು ಸಾಧ್ಯವಾಯಿತು.

ಮಗಳು ಈಗ ಏನು ಮಾಡಬಹುದು ಅಂತ ಕೇಳಿದ್ದೀರಿ. ನಿಮ್ಮ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕ ಇರಬೇಕು. ಕೊಡಗಿನ ತೋಟದ ಮನೆಗಳಲ್ಲಿ ಇರುತ್ತದೆ. ಬೆಳಗ್ಗೆ ರೈನ್ ಗೇಜ್ ನೋಡಿ "1 ಇಂಚು 20 ಸೆಂಟ್ಸ್" ಅಂತ ಅಜ್ಜ ಬರೆದಿದ್ದು, ಆಮೇಲೆ ನೀವು ಬರೆದಿದ್ದು. ಅದನ್ನು ಅವಳ ಕೈಗೆ ಕೊಡಿ. ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವುದು ಸುಲಭ. ನಾನು ಅವಳಿಂದ ಬಯಸುವುದು ಬೇರೆ. ಗೇಜ್ ಯಾವ ವರ್ಷ ಬದಲಾಯಿತು? ಅಂಗಳದಿಂದ ಕಾಫಿ ಒಣಗಿಸುವ ಕಣದ ಪಕ್ಕಕ್ಕೆ ಯಾವಾಗ ಹೋಯಿತು? ಮದುವೆ, ತಿಥಿ ಅಂತ ಊರಿಗೆ ಹೋದಾಗ ಮೂರು ದಿನದ ಮಳೆಯನ್ನು ಒಟ್ಟಿಗೆ ಬರೆದಿದ್ದೀರಾ? ಪಕ್ಕದ ಸಿಲ್ವರ್ ಓಕ್ ಬೆಳೆದು ಗಾಳಿಮಳೆಗೆ ಅಡ್ಡ ಬಂತಾ? ಬಂದಿದ್ದರೆ ಮಳೆ ಕಡಿಮೆಯಾಗಿಲ್ಲ, ಗೇಜಿಗೆ ಬೀಳುವುದು ಕಡಿಮೆಯಾಗಿದೆ. ನಿಮ್ಮನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಅವಳು ಇದನ್ನೆಲ್ಲ ಕೇಳಿ ಬರೆಯಲಿ.

ಇದು ಸಣ್ಣ ಕೆಲಸ ಅಂತ ಅವಳಿಗೆ ಅನಿಸಬಾರದು. ಬರ್ನ್ ವಿಶ್ವವಿದ್ಯಾಲಯದವರ ರೋಸಿನಾ ಉಪಕರಣ ರೋಸೆಟ್ಟಾ ನೌಕೆಯಲ್ಲಿ 2004ರಲ್ಲಿ ಹೊರಟು 2014ರಲ್ಲಿ ಧೂಮಕೇತು ತಲುಪಿತು. ಧೂಮಕೇತುವಿನ ಅನಿಲ ಅಳೆಯಬೇಕಾಗಿದ್ದ ಅದಕ್ಕೆ ದಾರಿಯುದ್ದಕ್ಕೂ ನೌಕೆಯದೇ ಮೈಯಿಂದ ಸೋರುವ ಅನಿಲ ಕಾಣುತ್ತಿತ್ತು. ಹೊರಟು ವರ್ಷಗಳಾದರೂ ಬಣ್ಣ, ಅಂಟು, ಪ್ಲಾಸ್ಟಿಕ್ಕಿನಿಂದ ಅದು ಬರುತ್ತಲೇ ಇತ್ತು. ಅದನ್ನು ತಾಳ್ಮೆಯಿಂದ ಅಳೆದು, ಕಳೆದ ಮೇಲೆಯೇ ಧೂಮಕೇತುವಿನದು ಯಾವುದು ಅಂತ ಹೇಳಲು ಬಂತು. 2016ರಲ್ಲಿ ಗ್ಲೈಸಿನ್ ಅನ್ನುವ ಅಮೈನೊ ಆಮ್ಲ ಸಿಕ್ಕಿದ್ದನ್ನು ಪ್ರಕಟಿಸಿದರು. ನಿಮ್ಮ ತೋಟದ ಸಿಲ್ವರ್ ಓಕಿಗೂ ಆ ನೌಕೆಯ ಅಂಟಿಗೂ ಲೆಕ್ಕ ಒಂದೇ.

ಎರಡನೆಯದು ಸ್ವಲ್ಪ ಕೈಕೆಲಸ. ನೀರಿಗೆ ಹಾಕಬಹುದಾದ ಅಗ್ಗದ ಡಿಜಿಟಲ್ ತಾಪಮಾನ ಸೆನ್ಸರ್ ನಾಲ್ಕು, ಅವುಗಳನ್ನು ಓದುವ ಒಂದು ಆರ್ಡಿನೋ ಅನ್ನುವ ಚಿಕ್ಕ ಕಂಪ್ಯೂಟರ್ ಬೋರ್ಡ್ ತರಿಸಿಕೊಡಿ. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಹಾಕಿ ನಾಲ್ಕನ್ನೂ ಒಟ್ಟಿಗೆ ಇಡಲಿ. ಎಲ್ಲವೂ ಸೊನ್ನೆ ತೋರಿಸಬೇಕು. ತೋರಿಸುವುದಿಲ್ಲ. ಎಷ್ಟು ವ್ಯತ್ಯಾಸ ಅಂತ ಬರೆದಿಡಲಿ. ಆಮೇಲೆ ಕುದಿಯುವ ನೀರು. ಇಲ್ಲಿ ಎಚ್ಚರಿಕೆ ಬೇಕು. ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ ಸೆನ್ಸರ್ 100 ತೋರಿಸಿದರೆ ಖುಷಿಪಡುವಂತಿಲ್ಲ, ತಪ್ಪಿದೆ ಅಂತ ಅರ್ಥ. ನಿಮ್ಮ ಮನೆಯ ಎತ್ತರಕ್ಕೆ ಎಷ್ಟಿರಬೇಕು ಅಂತ ಅವಳೇ ಲೆಕ್ಕ ಹಾಕಿ ಹೋಲಿಸಲಿ.

ಆ ಸೆನ್ಸರುಗಳನ್ನು ಕೊಯ್ಲಿನ ಕಾಲದಲ್ಲಿ ಕಣದ ಕಾಫಿಯೊಳಗೆ ಬೇರೆ ಬೇರೆ ಆಳದಲ್ಲಿ ಇಡಲಿ. ಮೇಲೆ ಬಿಸಿ, ಒಳಗೆ ತಂಪು. ಅದಕ್ಕೇ ಅಲ್ವಾ ನೀವು ದಿನಕ್ಕೆ ನಾಲ್ಕೈದು ಸಲ ತಿರುವಿ ಹಾಕುವುದು? 2023ರ ಆಗಸ್ಟ್‌ನಲ್ಲಿ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್‌ನ ಚೇಸ್ಟ್ ಉಪಕರಣ ಚಂದ್ರನ ಮಣ್ಣಿಗೆ ಚುಚ್ಚಿದ ಕಡ್ಡಿಯಲ್ಲಿ ಹೀಗೇ ಬೇರೆ ಬೇರೆ ಆಳಕ್ಕೆ 10 ತಾಪಮಾನ ಸೆನ್ಸರುಗಳಿದ್ದವು. ಮೇಲ್ಮೈಯಲ್ಲಿ 50 ಡಿಗ್ರಿ ದಾಟಿದ್ದ ಬಿಸಿ, 8 ಸೆಂಟಿಮೀಟರ್ ಕೆಳಗೆ ಸುಮಾರು ಮೈನಸ್ 10ಕ್ಕೆ ಇಳಿದಿತ್ತು. ಗಾಳಿಯಿಲ್ಲದ ಕಡೆ ಆ ಪುಡಿಮಣ್ಣು ಬಿಸಿಯನ್ನು ಕೆಳಗೆ ಬಿಡುವುದೇ ಇಲ್ಲ. ಕಣದ ಅಂಕಿಗಳನ್ನು ಬರೆದ ಹುಡುಗಿಗೆ ಚೇಸ್ಟ್‌ನ ಗೆರೆ ಕಂಡಾಗ ಅದು ಪಾಠದ ಚಿತ್ರದ ಹಾಗೆ ಕಾಣುವುದಿಲ್ಲ.

ಡೇಟಾ ಬೇಕಿದ್ದರೆ ಚಂದ್ರಯಾನ-2ರದು ಇಸ್ರೋದ ಪ್ರದಾನ್ ಜಾಲತಾಣದಲ್ಲಿ ಸಿಗುತ್ತದೆ. ಹೆಸರು ನೋಂದಾಯಿಸಿದರೆ ಸಾಕು, ದುಡ್ಡು ಕೊಡಬೇಕಾಗಿಲ್ಲ. ಸೋಮವಾರಪೇಟೆಯಲ್ಲಿ ಕರೆಂಟ್, ನೆಟ್ ಇರುವ ರಾತ್ರಿಗಳಲ್ಲಿ ಇಳಿಸಿಕೊಳ್ಳಲಿ.

ಓದಿನ ದಾರಿಯನ್ನು ಚುಟುಕಾಗಿ ಹೇಳುತ್ತೇನೆ. ಎಂ.ಎಸ್ಸಿ. ಸೇರಲು ಜ್ಯಾಮ್ ಅನ್ನುವ ರಾಷ್ಟ್ರೀಯ ಪ್ರವೇಶ ಪರೀಕ್ಷೆ ಬರೆಯಲಿ. ಆಮೇಲೆ ಪಿಎಚ್‌ಡಿಗೆ ಜೆಸ್ಟ್, ನೆಟ್, ಗೇಟ್ ಪರೀಕ್ಷೆಗಳಿವೆ. ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಮನೆಯಿಂದ ಕಳಿಸಬೇಕಾಗಿಲ್ಲ. ಎಂಜಿನಿಯರಿಂಗ್ ಕಡೆ ಹೋಗಬೇಕೆಂದರೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ದಕ್ಷಿಣ ಭಾರತಕ್ಕಾಗಿ ಇಸ್ರೋದ ಪ್ರಾದೇಶಿಕ ಶೈಕ್ಷಣಿಕ ಕೇಂದ್ರ ಇದೆ, ನಿಮ್ಮಿಂದ ಘಟ್ಟ ಇಳಿದರೆ ಆಯಿತು. ಪಿಎಚ್‌ಡಿ ಬೇಡ ಅಂದರೂ ಜಾಗ ಇದೆ. ನಮ್ಮ ಲ್ಯಾಬಿನಲ್ಲಿ ಎಲ್ಲರೂ ಗೌರವ ಕೊಡುವುದು ಐಟಿಐ ಓದಿ ಬಂದ ಒಬ್ಬರಿಗೆ. ಅವರ ಬೆಸುಗೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ಯಾರೂ ಮತ್ತೆ ಮಾಡಿ ಅಂತ ಹೇಳಿದ್ದಿಲ್ಲ.

ಅವಳ ತಂದೆಯಾದ ನಿಮಗೆ ಒಂದು ಮಾತು. ಇದರಲ್ಲಿ ಸೋಲು ದೊಡ್ಡದಾಗಿಯೇ ಬರುತ್ತದೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಕಾಲಿನ್ ಪಿಲಿಂಜರ್ ಮುಂದೆ ನಿಂತು ಕಳಿಸಿದ ಬೀಗಲ್-2 ನೌಕೆ, 2003ರ ಕ್ರಿಸ್ಮಸ್ ದಿನ ಮಂಗಳದಲ್ಲಿ ಇಳಿದು ಸದ್ದಿಲ್ಲದಾಯಿತು. ಹನ್ನೊಂದು ವರ್ಷ ಏನಾಯಿತು ಅಂತಲೇ ಗೊತ್ತಾಗಲಿಲ್ಲ. 2015ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದವರು ನಡೆಸುವ, ಮಂಗಳವನ್ನು ಸುತ್ತುವ ನೌಕೆಯಲ್ಲಿರುವ ಹೈರೈಸ್ ಕ್ಯಾಮೆರಾದ ಚಿತ್ರಗಳಲ್ಲಿ ಅದು ಕಂಡಿತು. ನೆಲಕ್ಕೆ ಒಡೆಯದೆ ಇಳಿದಿತ್ತು, ಸೌರ ಫಲಕಗಳು ಪೂರ್ತಿ ಬಿಚ್ಚಿರಲಿಲ್ಲ ಅಷ್ಟೇ. ಪಿಲಿಂಜರ್ ಅದಕ್ಕೂ ಹಿಂದಿನ ವರ್ಷ ತೀರಿಕೊಂಡಿದ್ದರು. ಮಗಳ ಜೀವನದಲ್ಲಿ ಅಂಥ ದಿನ ಬಂದರೆ "ನಾವು ಮೊದಲೇ ಹೇಳಿರಲಿಲ್ವಾ" ಅಂತ ನೆಂಟರು ಅಂದಾರು. ನೀವು ಅನ್ನಬೇಡಿ.

ಈ ಜೂನ್‌ನಿಂದಲೇ ಶುರುಮಾಡಲಿ. ಹಳೆಯ ಗೇಜಿನ ಜೊತೆಗೆ ಅವಳದೇ ಇನ್ನೊಂದು ಗೇಜ್ ಇಡಲಿ, ಮರದಿಂದ ದೂರಕ್ಕೆ. ಎರಡನ್ನೂ ದಿನಾ ಒಂದೇ ಹೊತ್ತಿಗೆ ಓದಲಿ, ವ್ಯತ್ಯಾಸ ಬಂದ ದಿನ ಗಾಳಿ ಯಾವ ಕಡೆಯಿಂದ ಇತ್ತು ಅಂತಲೂ ಬರೆಯಲಿ. ಮಳೆಗಾಲ ಮುಗಿದ ಮೇಲೆ ಆ ಪುಸ್ತಕದ ನಾಲ್ಕು ಪುಟದ ಫೋಟೋ ಕಳಿಸಿಕೊಡಿ. ನೋಡಿ ಅವಳಿಗೇ ಉತ್ತರ ಬರೆಯುತ್ತೇನೆ.